ಒಂದು ಹನಿ ರಕ್ತ, ಒಂದು ಕೆಂಪು ಗೆರೆ

ದೀಪದ ಬತ್ತಿಯ ಒಂದು ತುದಿಯನ್ನು ಎಣ್ಣೆಯಲ್ಲಿ ಅದ್ದಿದರೆ ಎಣ್ಣೆಯು ತಾನಾಗಿಯೇ ಮತ್ತೊಂದು ತುದಿಗೆ ಏರುತ್ತದೆ. ನೂಲುಗಳ ನಡುವಣ ಸಂದುಗಳು ದ್ರವವನ್ನು ಹೀಗೆ ಎಳೆದುಕೊಳ್ಳುವುದಕ್ಕೆ ಕೇಶಾಕರ್ಷಣವೆಂದು ಹೆಸರು. ತರಗತಿಯಲ್ಲಿ ಗಾಜಿನ ಸಣ್ಣ ನಳಿಗೆಯಿಂದ ನಾವು ತೋರಿಸುವ ಈ ಸಂಗತಿಯೇ ಇಂದು ಹಳ್ಳಿಯ ಗರ್ಭಿಣಿಯ ಮಗುವನ್ನು ಕಾಪಾಡುವ ಕೆಲಸಕ್ಕೆ ಒದಗಿದೆ.

ಸಿಫಿಲಿಸ್ ರೋಗವನ್ನು ನೋಡಿ. ಅದರ ಸುರುಳಿಯಾಕಾರದ ರೋಗಾಣುವನ್ನು ೧೯೦೫ರಲ್ಲಿ ಜರ್ಮನಿಯ ಷೌಡಿನ್ ಮತ್ತು ಹಾಫ್‌ಮನ್ನರು ಕಂಡುಹಿಡಿದರು. ಸೋಂಕು ತಗುಲಿದ ತಾಯಿಗೆ ಎಷ್ಟೋ ವೇಳೆ ಯಾವ ತೊಂದರೆಯೂ ಕಾಣಿಸದು. ಆದರೆ ರೋಗಾಣುವು ಮಾಸನ್ನು ದಾಟಿ ಶಿಶುವನ್ನು ಸೇರಬಲ್ಲುದು. ಆಗ ಶಿಶುವು ಗರ್ಭದಲ್ಲಿಯೇ ಸಾಯಬಹುದು, ಇಲ್ಲವೆ ರೋಗದೊಡನೆಯೇ ಹುಟ್ಟಬಹುದು. ಇದಕ್ಕೆ ಮದ್ದಿಲ್ಲವೆ? ಉಂಟು. ಸೋಂಕು ಹೊಸದಾದರೆ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಚುಚ್ಚುಮದ್ದು ಸಾಕು. ಹಳೆಯದಾದರೆ ವಾರಕ್ಕೊಂದರಂತೆ ಮೂರು.

ತೊಡಕೆಲ್ಲ ಕಾಲದ್ದು. ರಕ್ತವನ್ನು ಪಟ್ಟಣದ ಪ್ರಯೋಗಶಾಲೆಗೆ ಕಳುಹಿಸಿ ಉತ್ತರ ಪಡೆಯುವಷ್ಟರಲ್ಲಿ ದಿನಗಳು ಕಳೆಯುತ್ತವೆ. ಒಂದು ದಿನದ ಕೂಲಿ ಬಿಟ್ಟು ದೂರದಿಂದ ಬಂದ ಹೆಂಗಸು ಮತ್ತೊಮ್ಮೆ ಬಾರದೆ ಹೋಗಬಹುದು. ಆದುದರಿಂದ ಆಕೆ ಆರೋಗ್ಯಕೇಂದ್ರದ ಬೆಂಚಿನ ಮೇಲೆ ಕುಳಿತಿರುವಾಗಲೇ ಉತ್ತರ ದೊರೆಯಬೇಕು.

ಇದಕ್ಕೆ ಬೇಕಾದ ಸಾಧನ ಬೆರಳುದ್ದದ ಒಂದು ಪಟ್ಟಿ. ಬೆರಳ ತುದಿಯಿಂದ ತೆಗೆದ ರಕ್ತದ ಹನಿಯನ್ನೂ ಕೆಲವು ತೊಟ್ಟು ದ್ರಾವಣವನ್ನೂ ಅದರ ಒಂದು ತುದಿಗೆ ಹಾಕುತ್ತಾರೆ. ಅಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳಿವೆ. ರೋಗಾಣುವಿಗೆ ಎದುರಾಗಿ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿದ್ದರೆ ಈ ಕಣಗಳು ಅವನ್ನು ಹಿಡಿದುಕೊಂಡು ದ್ರವದೊಡನೆ ಸಾಗುತ್ತವೆ. ದಾರಿಯಲ್ಲಿ ಅಡ್ಡಗೆರೆಯಾಗಿ ಬಳಿದಿರುವ ರೋಗಾಣುವಿನ ಪ್ರೋಟೀನಿಗೆ ಸಿಕ್ಕಿಕೊಂಡು ಗುಂಪುಗೂಡುತ್ತವೆ. ಆಗ ಕೆಂಪು ಗೆರೆ ಮೂಡುತ್ತದೆ. ಚಿನ್ನ ಕೆಂಪೇಕೆ? ಸುಮಾರು ೪೦ ನ್ಯಾನೊಮೀಟರ್ ಗಾತ್ರದ ಕಣದಲ್ಲಿ ಇಲೆಕ್ಟ್ರಾನುಗಳು ಒಟ್ಟಾಗಿ ಓಲಾಡಿ ಹಸುರು ಬೆಳಕನ್ನು ಹೀರುತ್ತವೆ. ಉಳಿದ ಬೆಳಕು ಕೆಂಪಾಗಿ ಕಾಣುತ್ತದೆ. ಇಂತಹ ಕೆಂಪು ಚಿನ್ನದ ದ್ರವವನ್ನು ಮೈಕೆಲ್ ಫ್ಯಾರಡೆಯು ೧೮೫೭ರಲ್ಲಿಯೇ ವರ್ಣಿಸಿದ್ದನು. ಪಟ್ಟಿಯ ಇನ್ನೊಂದು ಗೆರೆ ಪರೀಕ್ಷೆ ಸರಿಯಾಗಿ ನಡೆಯಿತೆಂಬುದಕ್ಕೆ ಸಾಕ್ಷಿ. ಅದು ಮೂಡದಿದ್ದರೆ ಹೊಸ ಪಟ್ಟಿ ತೆಗೆದುಕೊಳ್ಳಬೇಕು. ವಿದ್ಯುತ್ತು ಬೇಡ, ಸೂಕ್ಷ್ಮದರ್ಶಕ ಬೇಡ. ೧೫–೨೦ ನಿಮಿಷ ಸಾಕು.

ಪಟ್ಟಿಗೂ ಮಿತಿಯುಂಟು. ಹಿಂದೆಯೇ ಗುಣವಾದವಳ ರಕ್ತದಲ್ಲಿಯೂ ಪ್ರತಿಕಾಯಗಳು ಬಹುಕಾಲ ಉಳಿಯುವುದರಿಂದ ಗೆರೆ ಮೂಡಬಹುದು. ಅದನ್ನು ಮತ್ತೊಂದು ಪರೀಕ್ಷೆಯಿಂದ ನಿಶ್ಚಯಿಸಬೇಕು. ಆದರೂ ತಾಯಿ ಮರಳಿ ಬರುವುದು ಅನಿಶ್ಚಿತವಾದ ಕಡೆಗಳಲ್ಲಿ ಮೊದಲ ಚುಚ್ಚುಮದ್ದನ್ನು ಅಂದೇ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ತಾಯಿಯಿಂದ ಮಗುವಿಗೆ ಸಿಫಿಲಿಸ್ ಮತ್ತು ಎಚ್‌ಐವಿ ಹರಡುವುದನ್ನು ನಿವಾರಿಸಿದ ಮೊದಲ ದೇಶವೆಂದು ಆ ಸಂಸ್ಥೆಯು ೨೦೧೫ರಲ್ಲಿ ಕ್ಯೂಬಾವನ್ನು ಮಾನ್ಯಮಾಡಿತು. ೨೦೧೯ರಲ್ಲಿ ನಮ್ಮ ನೆರೆಯ ಶ್ರೀಲಂಕೆಯೂ ಆ ಮಾನ್ಯತೆ ಪಡೆಯಿತು. ಸಮಯಕ್ಕೆ ಸರಿಯಾದ ಪರೀಕ್ಷೆ, ಅದರ ಬೆನ್ನಿಗೇ ಮದ್ದು: ಇವೆರಡೂ ಕೂಡಿದರೆ ನಮ್ಮ ಹಳ್ಳಿಗಳಲ್ಲಿಯೂ ಇದು ಆಗದ ಮಾತಲ್ಲ.