ಕೆರೆಯ ಬೇಟೆಗಾರ ಜೀರುಂಡೆ

ಅಜ್ಜಂಪುರದ ಬಯಲಲ್ಲಿ ಬೇಸಿಗೆಯಿಡೀ ಬಾಯಿಬಿಟ್ಟುಕೊಂಡಿದ್ದ ಗೋಕಟ್ಟೆಗೆ ಮಳೆನೀರು ಬಂದ ಸ್ವಲ್ಪ ದಿನಕ್ಕೇ ಅದರೊಳಗೆ ಜೀರುಂಡೆಗಳು ಈಜತೊಡಗುತ್ತವೆ. ಅವು ಬರುವುದು ಹಾರಿಕೊಂಡು. ಡೈಟಿಸಿಡೇ ಕುಟುಂಬದ ಈ ನೀರುಜೀರುಂಡೆಗಳು ರಾತ್ರಿ ಹೊತ್ತು ಹೊಸ ನೀರು ಹುಡುಕುತ್ತ ಹೊರಡುತ್ತವೆ. ನಡುವೆ ಬೀದಿದೀಪ ಕಂಡರೆ ಅತ್ತ ತಿರುಗುವುದೂ ಉಂಟು. ಜಗತ್ತಿನಲ್ಲಿ ಇವುಗಳ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚುಕಡಿಮೆ ಎಲ್ಲವೂ ಬೇಟೆಗಾರರೇ.

ಗುರುತಿಸುವಲ್ಲಿ ಎಡವುವುದು ಸುಲಭ. ಅದೇ ನೀರಲ್ಲಿ ಹೈಡ್ರೋಫಿಲಿಡೇ ಎಂಬ ಇನ್ನೊಂದು ಕುಟುಂಬದ ಕರಿ ಜೀರುಂಡೆಗಳೂ ಇರುತ್ತವೆ. ಅವುಗಳಲ್ಲಿ ಬೆಳೆದವು ಬಹುಪಾಲು ಪಾಚಿ, ಕೊಳೆತ ಸೊಪ್ಪು ತಿಂದು ಬದುಕುವಂಥವು. ಎರಡನ್ನೂ ಬೇರ್ಪಡಿಸಲು ಹಿಡಿಯಲೇಬೇಕೆಂದಿಲ್ಲ, ದಡದಲ್ಲಿ ಕೂತು ನೋಡಿದರೂ ಸಾಕು. ಬೇಟೆಗಾರ ಜೀರುಂಡೆ ರೆಕ್ಕೆಕವಚದ ಅಡಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಹಾಗಾಗಿ ಉಸಿರಿಗೆಂದು ಮೇಲೆ ಬಂದಾಗ ತಲೆ ಕೆಳಗೆ, ಹಿಂಭಾಗ ಮೇಲೆ. ಇನ್ನೊಂದು ಮೇಲೆ ಚಾಚುವುದು ತಲೆಯನ್ನೇ. ಈಜುವ ಬಗೆಯೂ ಬೇರೆ: ಬೇಟೆಗಾರನ ರೋಮ ತುಂಬಿದ ಹಿಂಗಾಲುಗಳೆರಡೂ ದೋಣಿಯ ಹುಟ್ಟಿನಂತೆ ಒಟ್ಟಿಗೇ ನೀರು ತಳ್ಳುತ್ತವೆ, ಮತ್ತೊಂದು ಒಂದಾದ ಮೇಲೊಂದು ಕಾಲು ಆಡಿಸುತ್ತದೆ. ಹತ್ತಿರದಿಂದ ನೋಡಿದರೆ ಬೇಟೆಗಾರನ ಮೀಸೆ ದಾರದಂತೆ ಸಪೂರ, ಇನ್ನೊಂದರದ್ದು ಗಿಡ್ಡ, ತುದಿ ದಪ್ಪ. ನೀರ ಮೇಲೆಯೇ ಗಿರಗಿರ ಸುತ್ತುವ ಪುಟ್ಟ ಜೀರುಂಡೆಗಳು ಮೂರನೆಯ ಕುಟುಂಬದವು.

ಭಾರತದ ಕೆರೆಗಳಲ್ಲಿ ಸಿಗುವ ದೊಡ್ಡ ಬೇಟೆಗಾರ ಸೈಬಿಸ್ಟರ್ ಲಿಂಬೇಟಸ್. ಮೂರು ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ. ಹಸಿರು ಮಿಶ್ರಿತ ಕಪ್ಪು ಮೈ, ಅಂಚಿಗೆ ಹಳದಿ ಪಟ್ಟಿ. ಗಂಡಿನ ಮುಂಗಾಲಲ್ಲಿ ಹೆಣ್ಣನ್ನು ಹಿಡಿದುಕೊಳ್ಳಲು ಅಂಟುಬಟ್ಟಲುಗಳಿರುತ್ತವೆ. ಎರೆಟಿಸ್ ಕುಲದವು ಮಾಸಲು ಹಳದಿ. ಬೇಗ ಬತ್ತುವ ಹೊಂಡಗಳಲ್ಲೂ ಬದುಕು ಮುಗಿಸಿಕೊಳ್ಳಬಲ್ಲವು.

ಮರಿಹುಳು ಇನ್ನೂ ಉಗ್ರ. ಅದರ ಕುಡುಗೋಲಿನಾಕಾರದ ದವಡೆಯೊಳಗೆ ಸಣ್ಣ ನಾಳವಿದೆ. ಗೊದಮೊಟ್ಟೆಯನ್ನೋ ಸೊಳ್ಳೆಮರಿಯನ್ನೋ ಕಚ್ಚಿ, ಆ ನಾಳದ ಮೂಲಕ ಜೀರ್ಣರಸ ಹರಿಸಿ, ಒಳಗಿನ ಮಾಂಸ ಕರಗಿದ ಮೇಲೆ ಹೀರುತ್ತದೆ.

ಇಷ್ಟೆಲ್ಲ ನೀರಲ್ಲೇ ನಡೆದರೂ ಕೋಶಾವಸ್ಥೆಗೆ ಮಾತ್ರ ಮರಿಹುಳು ದಡ ಹತ್ತಲೇಬೇಕು. ಅಂಚಿನ ಒದ್ದೆ ಮಣ್ಣಲ್ಲಿ ಗೂಡು ಮಾಡಿಕೊಂಡು ಜೀರುಂಡೆಯಾಗಿ ಹೊರಬರುತ್ತದೆ. ಕಡೂರಿನ ಮದಗದ ಕೆರೆಯಾಗಲಿ, ತರೀಕೆರೆಯ ಕಡೆಯ ಹಳ್ಳಿಕೆರೆಗಳಾಗಲಿ, ಅಭಿವೃದ್ಧಿಯ ಹೆಸರಲ್ಲಿ ಸುತ್ತಲೂ ಕಲ್ಲು, ಕಾಂಕ್ರೀಟು ಹಾಸಿದರೆ ಈ ಹುಳುವಿಗೆ ಹತ್ತಲು ದಡವೇ ಇರುವುದಿಲ್ಲ. ಕೆರೆ ಕೆಲಸ ಮಾಡಿಸುವವರು ಒಂದಷ್ಟು ದೂರವಾದರೂ ಹುಲ್ಲು ಬೆಳೆದ ಮಣ್ಣಿನ ಅಂಚನ್ನು ಹಾಗೇ ಬಿಡಬೇಕು.