ಹತ್ತು ಸಲ ಬೆರಳು ತಟ್ಟಿ, ನೋಡೋಣ

"ಯಜಮಾನ್ರೇ, ಹೆಬ್ಬೆರಳಿಗೆ ತೋರುಬೆರಳು ತಟ್ಟಿ. ಹತ್ತು ಸಲ. ಎಷ್ಟು ಅಗಲ ಆಗುತ್ತೋ ಅಷ್ಟು, ಎಷ್ಟು ಬೇಗ ಆಗುತ್ತೋ ಅಷ್ಟು."

ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆ ನಡೆಯುವ ಯಾವುದೇ ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ಈ ಮಾತು ಕೇಳುತ್ತದೆ. ನೋಡಿದರೆ ಮಕ್ಕಳಾಟ. ಮೊದಲ ಮೂರ್ನಾಲ್ಕು ತಟ್ಟು ಸರಿಯಾಗೇ ಬೀಳುತ್ತವೆ. ಐದನೆಯದಕ್ಕೆ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತದೆ. ಏಳನೆಯದಕ್ಕೆ ಕೈ ಮುಗ್ಗರಿಸುತ್ತದೆ. ಹತ್ತರ ಹೊತ್ತಿಗೆ ಎರಡೂ ಬೆರಳು ಅಂಟು ಮೆತ್ತಿದಂತೆ ನಿಂತಲ್ಲೇ ಅದುರುತ್ತಿರುತ್ತವೆ. ವೈದ್ಯರು ಏನೂ ಹೇಳದೆ ಹಾಳೆಯ ಮೇಲೆ ಒಂದು ಅಂಕಿ ಬರೆಯುತ್ತಾರೆ: 3.

ಇಂಥ ಪರೀಕ್ಷೆಗೆ ಬರುವವರು ಹಿಂದಿನ ರಾತ್ರಿಯಿಂದ ಮಾತ್ರೆ ನುಂಗಿರುವುದಿಲ್ಲ. ಮದ್ದಿನ ಆಸರೆಯಿಲ್ಲದೆ ಮೈ ಹೇಗಿದೆ ಎಂದು ನೋಡಬೇಕಲ್ಲ. ರೋಗಿಗಳ ಮಾತಿನಲ್ಲಿ ಇದು "ಆಫ್". ಆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಡುವುದು ಹೆಂಡತಿ. "ಮೊದಮೊದಲು ಸೋಮಾರಿತನ ಅಂದ್ಕೊಂಡು ಬೈತಿದ್ದೆ ಡಾಕ್ಟ್ರೇ" ಎನ್ನುವ ಮಾತು ವೈದ್ಯರಿಗೆ ಹೊಸದಲ್ಲ.

ನಡುಕ, ಮಂದಗತಿ, ಬಿಗಿತ, ಸೆಳೆತ, ತಿರುಚು, ಇವೆಲ್ಲ ಸೇರಿ ಚಲನೆಯ ಕಾಯಿಲೆಗಳು. ಪಾರ್ಕಿನ್ಸನ್ ಮತ್ತು ಡಿಸ್ಟೋನಿಯಾ ಈ ಕುಟುಂಬದ ಎರಡು ದೊಡ್ಡ ಹೆಸರುಗಳು. ಸಕ್ಕರೆ ಕಾಯಿಲೆಗೆ ಇರುವಂತೆ ಬೆರಳು ಚುಚ್ಚಿ ಅಂಕಿ ಹೇಳುವ ಯಂತ್ರ ಇಲ್ಲಿಲ್ಲ. ಸ್ಕ್ಯಾನ್ ನೆರವಿಗೆ ಬರುತ್ತದೆ, ಆದರೆ ಅದೊಂದೇ ತೀರ್ಪು ಕೊಡುವುದಿಲ್ಲ. ಇಂದಿಗೂ ಮುಖ್ಯ ಉಪಕರಣ ವೈದ್ಯರ ಕಣ್ಣು. ಆ ಕಣ್ಣನ್ನು ಪಳಗಿಸುವುದು, ಅದು ಮೋಸಹೋಗದಂತೆ ಕಾಯುವುದು ಈ ಸಂಶೋಧನೆಯ ಅರ್ಧ ಕೆಲಸ.

ಬೀದಿಯಲ್ಲಿ ಕಂಡದ್ದು

ಇದರ ಆರಂಭವೂ ನೋಟದಿಂದಲೇ. ಲಂಡನ್ನಿನ ಹೊಕ್ಸ್‌ಟನ್‌ನಲ್ಲಿ ವೈದ್ಯ ವೃತ್ತಿ ನಡೆಸುತ್ತಿದ್ದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ 'ನಡುಗುವ ಪಾರ್ಶ್ವವಾಯು' ಕುರಿತು ಪುಟ್ಟ ಪುಸ್ತಕ ಬರೆದ. ಅದರಲ್ಲಿರುವುದು ಬರೀ ಆರು ಜನ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೇ. ಮುಂದಕ್ಕೆ ಬಾಗಿದ ಮೈ, ಓಡುನಡಿಗೆಗೆ ತಿರುಗುವ ನಡಿಗೆ, ಸುಮ್ಮನಿದ್ದಾಗಲೂ ನಡುಗುವ ಕೈ: ಆತ ಗುರುತಿಸಿದ ಚಹರೆ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಅರ್ಧ ಶತಮಾನದ ಮೇಲೆ ಪ್ಯಾರಿಸ್ಸಿನ ಶಾರ್ಕೋ ಇದು ಪಾರ್ಶ್ವವಾಯುವಲ್ಲ, ಶಕ್ತಿ ಉಳಿದಿರುತ್ತದೆ, ನಡುಕ ಎಲ್ಲರಿಗೂ ಇರುವುದಿಲ್ಲ ಎಂದು ತಿದ್ದಿ, ಕಾಯಿಲೆಗೆ ಪಾರ್ಕಿನ್ಸನ್ ಹೆಸರಿಟ್ಟ.

ಎರಡು ಗಿಡ, ಒಂದು ಮೊಲ

ಮದ್ದಿನ ಕಥೆ ನಮ್ಮ ಬೇಲಿಸಾಲಿನ ಎರಡು ಗಿಡಗಳನ್ನು ಹಾದು ಹೋಗುತ್ತದೆ. ಒಂದು ಸರ್ಪಗಂಧ. ಅದರ ಬೇರು ರಕ್ತದೊತ್ತಡ ಇಳಿಸುತ್ತದೆಂದು ಭಾರತದ ವೈದ್ಯರು ತೋರಿಸಿಕೊಟ್ಟ ಮೇಲೆ, 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಆ ರಿಸರ್ಪಿನ್ ಅನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಕಿವಿ ಜೋತುಬಿಟ್ಟು ಅಲುಗಾಡದೆ ಕೂತುಬಿಟ್ಟವು. ಆಮೇಲೆ ಡೋಪಾ ಎಂಬ ಪದಾರ್ಥ ಕೊಟ್ಟರೆ ಕಿವಿ ನೆಟ್ಟಗಾಗಿ ಓಡಾಡತೊಡಗಿದವು. ಮಿದುಳಿನಲ್ಲಿ ಡೋಪಾದಿಂದ ತಯಾರಾಗುವ ಡೋಪಮಿನ್ ಎಂಬ ರಾಸಾಯನಿಕ ಬತ್ತಿದರೆ ಮೈ ಸ್ತಬ್ಧವಾಗುತ್ತದೆ ಎಂಬ ಸುಳಿವು ಹೊರಬಿದ್ದದ್ದು 1957ರ ಈ ಪ್ರಯೋಗದಿಂದ. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು.

ಇನ್ನೊಂದು ಗಿಡ ನಸುಗುನ್ನಿ. ಕಾಯಿಯ ಸುಂಕು ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುತ್ತದೆ ಎಂದು ಹಳ್ಳಿಯ ಹುಡುಗರಿಗೆಲ್ಲ ಗೊತ್ತು. ಅದರ ಬೀಜದಲ್ಲಿ ಆ ಡೋಪಾದ ಒಂದು ರೂಪವಾದ ಲೆವೊಡೋಪಾ ಇದೆಯೆಂದು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಆಗ ಅದರಿಂದ ಏನು ಉಪಯೋಗ ಎಂದು ಯಾರಿಗೂ ತಿಳಿದಿರಲಿಲ್ಲ. ಸತ್ತ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಬರಿದಾಗಿದೆಯೆಂದು ವಿಯೆನ್ನಾದ ಹಾರ್ನಿಕೀವಿಚ್ 1960ರಲ್ಲಿ ತೋರಿಸಿದರು. ಡೋಪಾವನ್ನು ಬಾಯಿಯ ಮೂಲಕ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎದ್ದು ಓಡಾಡಿಸಿದವರು 1967ರಲ್ಲಿ ಅಮೆರಿಕದ ಕೊಟ್ಸಿಯಾಸ್. ಇಂದು ನಮ್ಮ ಔಷಧದಂಗಡಿಗಳಲ್ಲಿ ಸಿಂಡೋಪಾ ಎಂಬ ಹೆಸರಿನಲ್ಲಿ ಸಿಗುವ ಮಾತ್ರೆಯ ಜೀವಾಳ ಲೆವೊಡೋಪಾ.

ಹಾಗಾದರೆ ನಸುಗುನ್ನಿ ಪುಡಿಯನ್ನೇ ತಿನ್ನಬಾರದೇಕೆ? ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪುಡಿ ಮಾತ್ರೆಗಿಂತ ಬೇಗ ಹತ್ತಿತು, ಹೆಚ್ಚು ಹೊತ್ತೂ ನಿಂತಿತು. ಆದರೆ ಎಂಟು ಜನರ ಲೆಕ್ಕ ಎಲ್ಲರ ಲೆಕ್ಕವಾಗುವುದಿಲ್ಲ, ಒಂದು ಡಬ್ಬಿಯ ಪುಡಿಯಲ್ಲಿರುವಷ್ಟೇ ಲೆವೊಡೋಪಾ ಇನ್ನೊಂದರಲ್ಲಿ ಇರುತ್ತದೆಂದೂ ಇಲ್ಲ. ವೈದ್ಯರಿಗೆ ಹೇಳದೆ ಮಾತ್ರೆ ಬಿಟ್ಟು ಪುಡಿಗೆ ಕೈಹಾಕುವುದು ಅಪಾಯ.

ಕಣ್ಣಿಗೆ ಕಟ್ಟಿದ ಬೇಲಿ

ಹೊಸ ಮದ್ದು ಕೊಟ್ಟಾಗ ರೋಗಿಗೆ ಮೇಲಾಗಲಿ ಎಂಬ ಆಸೆ ರೋಗಿಗೂ ಇದೆ, ವೈದ್ಯರಿಗೂ ಇದೆ. ಆಸೆಯ ಕಣ್ಣಿಗೆ ಕಂಡದ್ದೆಲ್ಲ ಗುಣವೇ. ಹೀಗಾಗಿ ಮೊದಲು ಬಂದದ್ದು ಅಂಕಪಟ್ಟಿ. 1987ರಲ್ಲಿ ರೂಪುಗೊಂಡು 2008ರಲ್ಲಿ ಪರಿಷ್ಕಾರವಾದ ಈ ಪಟ್ಟಿಯಲ್ಲಿ ಚಲನೆಯ ಭಾಗವೊಂದಕ್ಕೇ 33 ಅಂಕಣಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು. ಸೊನ್ನೆ ಎಂದರೆ ತೊಂದರೆಯಿಲ್ಲ, ಒಟ್ಟು 132 ಬಂದರೆ ಪರಮಾವಧಿ. ಮಾತು, ಮುಖಭಾವ, ಕುರ್ಚಿಯಿಂದ ಏಳುವುದು, ನಡಿಗೆ ಎಲ್ಲಕ್ಕೂ ಅಂಕ. ಬೆನ್ನ ಹಿಂದೆ ನಿಂತು ಎರಡೂ ಭುಜ ಹಿಡಿದು ಒಮ್ಮೆ ಜಗ್ಗುತ್ತಾರೆ. ಒಂದೆರಡು ಹೆಜ್ಜೆಯಲ್ಲಿ ಸಾವರಿಸಿಕೊಂಡರೆ ಸೊನ್ನೆ, ವೈದ್ಯರು ಹಿಡಿಯದಿದ್ದರೆ ಬಿದ್ದೇಹೋಗುವಂತಿದ್ದರೆ ಮೂರು. ಪಟ್ಟಿಯಾಚೆಗೂ ಗಮನಿಸುವುದುಂಟು. ನಾಲ್ಕು ಸಾಲು ಬರೆಸಿದರೆ ಮೊದಲ ಸಾಲಿನಲ್ಲಿ ದುಂಡಗಿದ್ದ ಅಕ್ಷರ ನಾಲ್ಕನೆಯದಕ್ಕೆ ಸಾಸಿವೆಯಾಗಿರುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದಲಿಲ್ಲ ಎಂದು ಚೆಕ್ ವಾಪಸಾದಾಗ ಎಚ್ಚೆತ್ತವರೂ ಇದ್ದಾರೆ.

ಅಂಕಪಟ್ಟಿಯ ಮೇಲೆ ಇನ್ನೊಂದು ಬೇಲಿ ವಿಡಿಯೋ. ಯಾರಿಗೆ ಯಾವ ಮದ್ದು ಎಂಬುದು ಗೊತ್ತಿಲ್ಲದ ಮೂರನೆಯವರು ಚಿತ್ರ ನೋಡಿ ಅಂಕ ಕೊಡುತ್ತಾರೆ. ಬಿಗಿತಕ್ಕೆ ಮಾತ್ರ ಹೀಗೆ ಅಂಕ ಕೊಡಲಾಗದು, ಅದನ್ನು ಕೈ ಹಿಡಿದು ಮಡಿಸಿಯೇ ತಿಳಿಯಬೇಕು. ಮೂರನೆಯ ಬೇಲಿ ಹುಸಿಮದ್ದು, ಹೋಲಿಕೆಗೆಂದು ಕೆಲವರಿಗೆ ಮದ್ದಿನ ಹೆಸರಲ್ಲಿ ಕೊಡುವ ಬರೀ ಪೊಳ್ಳು. ವ್ಯಾಂಕೂವರ್‌ನಲ್ಲಿ ಮದ್ದೆಂದು ಹೇಳಿ ಉಪ್ಪುನೀರು ಚುಚ್ಚಿದಾಗ ರೋಗಿಗಳ ಮಿದುಳಿನಲ್ಲಿ ನಿಜವಾಗಿಯೂ ಡೋಪಮಿನ್ ಒಸರಿದ್ದು 2001ರಲ್ಲಿ ಸ್ಕ್ಯಾನ್‌ನಲ್ಲೇ ಕಂಡಿತು. ಈ ಕಾಯಿಲೆಯಲ್ಲಿ ನಂಬಿಕೆ ಬರೀ ಮನಸ್ಸಿನ ಮಾತಲ್ಲ, ಅದಕ್ಕೊಂದು ರಸಾಯನವಿದೆ.

ಅದೇ ವರ್ಷ ಪ್ರಕಟವಾದ ಅಮೆರಿಕದ ಪ್ರಯೋಗ ಇದಕ್ಕಿಂತ ಕಠಿಣವಾದದ್ದು. ಭ್ರೂಣದ ಮಿದುಳಿನ ಜೀವಕೋಶಗಳನ್ನು ರೋಗಿಯ ಮಿದುಳಿಗೆ ನೆಡುವ ಶಸ್ತ್ರಚಿಕಿತ್ಸೆ. 40 ಜನರಲ್ಲಿ ಅರ್ಧದಷ್ಟು ಮಂದಿಗೆ, ಅವರ ಒಪ್ಪಿಗೆಯ ಮೇಲೆಯೇ, ತಲೆಬುರುಡೆಗೆ ತೂತು ಕೊರೆದು ಏನನ್ನೂ ನೆಡದೆ ಮುಚ್ಚಿದರು. ತಮ್ಮ ಸ್ಥಿತಿಯ ಬಗ್ಗೆ ರೋಗಿಗಳು ತಾವೇ ಕೊಟ್ಟ ಅಂಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ನೆಡಿಸಿಕೊಂಡವರಲ್ಲಿ ಕೆಲವರಿಗೆ ಮುಂದೆ ಡಿಸ್ಟೋನಿಯಾ ಮತ್ತು ತಡೆಯಲಾಗದ ಕುಣಿತದಂಥ ಚಲನೆ ಶುರುವಾಯಿತು. ಬರೀ ತೂತು ಕೊರೆಯುವುದು ನ್ಯಾಯವೇ ಎಂಬ ಜಗಳ ಇನ್ನೂ ಆರಿಲ್ಲ. ಆದರೆ ಆ ಇಪ್ಪತ್ತು ಜನ ಇರದಿದ್ದರೆ, ನೆಡುವ ಶಸ್ತ್ರಚಿಕಿತ್ಸೆ ಗೆದ್ದಿತೆಂದೇ ಅನೇಕರು ನಂಬಿಬಿಡುತ್ತಿದ್ದರು.

ಬೆಂಗಳೂರಿನ ಕಪ್ಪು ಗೆರೆ

ಪಳಗಿದ ಕಣ್ಣೂ ತಪ್ಪುತ್ತದೆ. ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದ್ದ 100 ಜನರ ಮಿದುಳನ್ನು ಅವರ ಸಾವಿನ ನಂತರ ಲಂಡನ್ನಿನಲ್ಲಿ ಪರೀಕ್ಷಿಸಿದಾಗ ಹೌದೆಂದು ಖಚಿತವಾದದ್ದು 76 ಜನರಲ್ಲಿ. 1992ರ ಆ ಲೆಕ್ಕ ಇಡೀ ಕ್ಷೇತ್ರದ ಅಹಂಕಾರ ಇಳಿಸಿತು. ಮಿದುಳು ದಾನದ ಬೆಲೆ ತಿಳಿಯುವುದು ಇಲ್ಲಿಯೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮಾನವ ಮಿದುಳಿನ ಭಂಡಾರ ಆರಂಭವಾಯಿತು. ಜನಸಾಮಾನ್ಯರು ನೋಡಬಹುದಾದ ಮಿದುಳು ಸಂಗ್ರಹಾಲಯವೂ ಅಲ್ಲಿದೆ. ನಡುಮಿದುಳನ್ನು ಅಡ್ಡಕ್ಕೆ ಸೀಳಿದರೆ, ಆರೋಗ್ಯವಂತರದ್ದಾದರೆ, ಎರಡೂ ಬದಿಗೆ ಕಾಡಿಗೆ ತೀಡಿದಂಥ ಕಪ್ಪು ಗೆರೆ ಬರಿಗಣ್ಣಿಗೇ ಕಾಣುತ್ತದೆ. ಡೋಪಮಿನ್ ತಯಾರಿಸುವ ಕೋಶಗಳ ತಾಣವದು. ಪಾರ್ಕಿನ್ಸನ್ ಆದವರಲ್ಲಿ ಆ ಕಾಡಿಗೆ ಅಳಿಸಿಹೋಗಿರುತ್ತದೆ.

ಭಾರತೀಯರ ಮಿದುಳಿನಲ್ಲಿ ಈ ಕಪ್ಪು ಕೋಶಗಳನ್ನು ನಿಮ್ಹಾನ್ಸ್‌ನ ಮುಥಾನೆ, ಯಾಶಾ ಮತ್ತು ಶಂಕರ್ ಎಣಿಸಿ 1998ರಲ್ಲಿ ಪ್ರಕಟಿಸಿದ ಲೆಕ್ಕ ಎಲ್ಲರನ್ನೂ ಚಕಿತಗೊಳಿಸಿತು. ನಮ್ಮಲ್ಲಿ ಆ ಕೋಶಗಳ ಸಂಖ್ಯೆಯೇ ಬ್ರಿಟನ್ನಿನವರಿಗಿಂತ ಕಡಿಮೆ, ಆದರೆ ವಯಸ್ಸಾದಂತೆ ಅದು ಇಳಿಯುತ್ತಿರಲಿಲ್ಲ. ಬಂಡವಾಳ ಸಣ್ಣದು, ಸೋರಿಕೆಯಿಲ್ಲ. ಕೋಶಗಳ ಸಂಖ್ಯೆ ಕಡಿಮೆಯಾದರೆ ಕಾಯಿಲೆ ಹೆಚ್ಚಬೇಕು ಎಂಬ ಸರಳ ಗಣಿತ ಇಲ್ಲಿ ಕೈಕೊಟ್ಟಿತು. ಭಾರತದ ಸಮೀಕ್ಷೆಗಳಲ್ಲಿ ಪಾರ್ಕಿನ್ಸನ್ ಪಶ್ಚಿಮಕ್ಕಿಂತ ಕಡಿಮೆಯೇ ಕಾಣುತ್ತಿತ್ತು. ಮುಂಬಯಿಯ ಪಾರ್ಸಿಗಳು ಮಾತ್ರ ಇದಕ್ಕೆ ಹೊರತು. 1988ರ ಸಮೀಕ್ಷೆಯಲ್ಲಿ ಅವರಲ್ಲಿ ಲಕ್ಷಕ್ಕೆ 328 ಮಂದಿಗೆ ಕಾಯಿಲೆಯಿತ್ತು.

ಗದ್ದ ಮುಟ್ಟಿದರೆ ಕತ್ತು ನೆಟ್ಟಗೆ

ನೋಟ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಡಿಸ್ಟೋನಿಯಾ ಪಾಠ. ಬರ್ಲಿನ್ನಿನ ಒಪ್ಪೆನ್‌ಹೈಮ್ 1911ರಲ್ಲಿ ಇಟ್ಟ ಹೆಸರು. ಎದುರುಬದುರು ಎಳೆಯುವ ಸ್ನಾಯುಗಳು ಸರದಿ ಮರೆತು ಒಟ್ಟಿಗೇ ಜಗ್ಗುತ್ತವೆ. ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣು ಬಿಡಲಾಗದಂತೆ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಪೆನ್ನು ಹಿಡಿದೊಡನೆ ಮುದುಡುವ ಗುಮಾಸ್ತರ ಬೆರಳು ತರಕಾರಿ ಹೆಚ್ಚುವಾಗ ಸಲೀಸು. ತಿರುಗಿದ ಕತ್ತು ಗದ್ದಕ್ಕೆ ಒಂದು ಬೆರಳು ತಾಗಿಸಿದರೆ ಸಾಕು, ನೆಟ್ಟಗಾಗುತ್ತದೆ. ಇದನ್ನು ಕಂಡ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಬ್ರಿಸೋ ಇದು ಮನಸ್ಸಿನ ಕಾಯಿಲೆಯೆಂದ. ನಮ್ಮಲ್ಲಿ ಗಾಳಿ ಸೋಕಿದೆ ಎಂದರು, ಅಷ್ಟೇ ವ್ಯತ್ಯಾಸ. 1997ರಲ್ಲಿ ಬಾಲ್ಯದಲ್ಲೇ ಶುರುವಾಗುವ ಒಂದು ಬಗೆಗೆ ಕಾರಣವಾದ ಜೀನ್ ಸಿಕ್ಕಿತು. ಇಂದು ಗದ್ದ ಮುಟ್ಟುವ ಆ ಉಪಾಯವೇ ರೋಗ ಗುರುತಿಸುವ ಲಕ್ಷಣ. ಕೆಟ್ಟ ಡಬ್ಬಿ ಆಹಾರದಲ್ಲಿ ಜೀವ ತೆಗೆಯುವ ಬಾಟುಲಿನಮ್ ವಿಷವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿದರೆ ಸುಮಾರು ಮೂರು ತಿಂಗಳ ಬಿಡುವು.

ಮನೆಯವರಿಗೆ ಮೊದಲು ಗೊತ್ತು

ಸ್ಕಾಟ್ಲೆಂಡಿನ ಪರ್ತ್‌ನ ನಿವೃತ್ತ ನರ್ಸ್ ಜಾಯ್ ಮಿಲ್ನ್ ಅವರಿಗೆ ಗಂಡನ ಮೈವಾಸನೆ ಬದಲಾದದ್ದು ತಿಳಿದದ್ದು, ಪಾರ್ಕಿನ್ಸನ್ ಎಂದು ವೈದ್ಯರು ಹೇಳುವುದಕ್ಕೆ ವರ್ಷಗಳ ಮೊದಲು. ಎಡಿನ್‌ಬರೋದ ವಿಜ್ಞಾನಿಗಳು ರೋಗಿಗಳು ತೊಟ್ಟ ಆರು, ಆರೋಗ್ಯವಂತರು ತೊಟ್ಟ ಆರು ಟೀ ಶರ್ಟ್ ಆಕೆಗೆ ಮೂಸಲು ಕೊಟ್ಟರು. ಆಕೆ ಹೇಳಿದ್ದರಲ್ಲಿ ತಪ್ಪಿದ್ದು ಒಂದೇ. ಆರೋಗ್ಯವಂತರೊಬ್ಬರ ಶರ್ಟಿಗೂ ಅದೇ ವಾಸನೆ ಎಂದಿದ್ದರು. ಕೆಲವು ತಿಂಗಳ ನಂತರ ಆ ವ್ಯಕ್ತಿಗೂ ಪಾರ್ಕಿನ್ಸನ್ ಎಂದಾಯಿತು. ಚರ್ಮದ ಜಿಡ್ಡಿನಲ್ಲಿರುವ ಯಾವ ಪದಾರ್ಥ ಆ ವಾಸನೆ ತರುತ್ತದೆಂದು ಹುಡುಕಿದ ಕೆಲಸ 2019ರಲ್ಲಿ ಪ್ರಕಟವಾಗಿದೆ.

ಮತ್ತೆ ಬೆರಳು ತಟ್ಟಿದ ಆ ಆಸ್ಪತ್ರೆಯ ಕೋಣೆಗೆ ಬರೋಣ. ಮಾತ್ರೆ ನುಂಗಿಸಿ ಗಂಟೆಯಾಗಿದೆ. ಅದೇ ಕುರ್ಚಿ, ಅದೇ ಹತ್ತು ತಟ್ಟು. ಈ ಸಲ ಎಂಟನೆಯದರವರೆಗೆ ಬೆರಳು ಅಗಲವಾಗೇ ಬಿಚ್ಚಿಕೊಂಡಿದೆ. 3 ಇದ್ದದ್ದು 1 ಆಗಿದೆ. ವೈದ್ಯರು ಬರೆಯುವುದರಲ್ಲಿ ಮಗ್ನ. ಹೆಂಡತಿ ನೋಡುತ್ತಿರುವುದು ಬೇರೆಯದನ್ನು: ಕೈ ತಾನಾಗಿ ಮೇಲೆ ಹೋಗಿ, ಬೆಳಿಗ್ಗೆ ಅವಸರದಲ್ಲಿ ಒಂದು ಮೇಲೆ ಕೆಳಗೆ ಹಾಕಿದ್ದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿಕೊಳ್ಳುತ್ತಿದೆ. ಅಂಕಪಟ್ಟಿಯಲ್ಲಿ ಗುಂಡಿಗೂ ಒಂದು ಪ್ರಶ್ನೆಯಿದೆ. ಅದಕ್ಕೆ ಅಂಕ ಕೊಡುವವರು ಮಾತ್ರ ವೈದ್ಯರಲ್ಲ, ರೋಗಿ ಮತ್ತು ಮನೆಯವರು.