ಹಾರ್ಲೆಮ್ಮಿನ ತಾಳ ಹಿಡಿದ ಗೆರೆ

ಮೆಕ್ಸಿಕೊ ನಗರದ ಹುಡುಗನೊಬ್ಬ 1923ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ. ವಯಸ್ಸು ಹತ್ತೊಂಬತ್ತರ ಆಸುಪಾಸು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹದಿನಾಲ್ಕಕ್ಕೇ ಓದು ಬಿಟ್ಟು ಸರ್ಕಾರಿ ಇಲಾಖೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವನು. ಹೆಸರು ಮಿಗೆಲ್ ಕೊವರ್ರೂಬಿಯಾಸ್. ಗೆಳೆಯರಿಗೆ ಮಾತ್ರ ‘ಎಲ್ ಚಮಾಕೊ’, ಅಂದರೆ ಪುಟ್ಟ ಹುಡುಗ.

ಸ್ವಲ್ಪ ದಿನದಲ್ಲೇ ‘ವ್ಯಾನಿಟಿ ಫೇರ್’ ಪತ್ರಿಕೆ ಅವನ ವ್ಯಂಗ್ಯಚಿತ್ರಗಳನ್ನು ಅಚ್ಚು ಹಾಕತೊಡಗಿತು. ಹಗಲು ದೊಡ್ಡ ಮನುಷ್ಯರ ಮೂಗು, ಗದ್ದ. ರಾತ್ರಿಯಾದರೆ ಕಾಲು ತಾನಾಗಿ ಹಾರ್ಲೆಮ್ ಕಡೆಗೆ. ಅಮೆರಿಕದ ದಕ್ಷಿಣದ ಹೊಲಗದ್ದೆಗಳಿಂದ ಗುಳೆ ಎದ್ದು ಬಂದ ಕಪ್ಪು ಜನ ಆ ಬಡಾವಣೆಯಲ್ಲಿ ಹೊಸ ಬದುಕು ಕಟ್ಟುತ್ತಿದ್ದ ಕಾಲ ಅದು. ನೆಲಮಾಳಿಗೆಯ ಕ್ಲಬ್ಬುಗಳಲ್ಲಿ ಜಾಝ್ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು.

ಜಾಝಿನ ಜೀವ ಇರುವುದು ಪೆಟ್ಟು ಬೀಳಬೇಕಾದ ಕಡೆ ಬೀಳದೆ, ಅರೆ ಕ್ಷಣ ಮುಂಚೆಯೋ ತಡವಾಗಿಯೋ ಬೀಳುವುದರಲ್ಲಿ. ಕೊವರ್ರೂಬಿಯಾಸ್ ಅದನ್ನು ಗೆರೆಗೆ ಇಳಿಸಿದ. ಅವನ ಚಾರ್ಲ್‌ಸ್ಟನ್ ಕುಣಿತಗಾರರನ್ನು ಹತ್ತಿರದಿಂದ ನೋಡಬೇಕು: ಬೆನ್ನು ಬಿಲ್ಲಿನಂತೆ ಬಾಗಿದೆ, ಮೊಣಕಾಲು ಒಂದು ದಿಕ್ಕಿಗೆ, ಮೊಣಕೈ ಇನ್ನೊಂದು ದಿಕ್ಕಿಗೆ. ಭುಜದಿಂದ ಹೊರಟ ಗೆರೆ ಸೊಂಟದ ಹತ್ತಿರ ಒಮ್ಮೆ ತಡೆದು, ಆಮೇಲೆ ಒಂದೇ ಉಸಿರಿಗೆ ಪಾದದವರೆಗೆ ಜಾರುತ್ತದೆ. ಆ ತಡೆಯುವಿಕೆಯಲ್ಲೇ ನನಗೆ ಡ್ರಮ್ಮು ಕೇಳಿಸುವುದು. ಮೈಯ ಅಳತೆ ಕೆಟ್ಟಿದೆ, ನಿಜ. ಆದರೆ ತಾಳ ಎಲ್ಲಿಯೂ ತಪ್ಪಿಲ್ಲ.

ಸಂಗೀತದವರೂ ಕವಿಗಳೂ ಅವನನ್ನು ಬೇಗ ಗುರುತಿಸಿದರು. 1926ರಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್‌ನ ಮೊದಲ ಕವನ ಸಂಕಲನ ‘ದಿ ವಿಯರಿ ಬ್ಲೂಸ್’ಗೆ ರಕ್ಷಾಪುಟ ಬರೆದವನು ಇವನೇ. ಪಿಯಾನೊ ಮುಂದೆ ಕುಳಿತ ಕಪ್ಪು ಆಕೃತಿ ಅದರಲ್ಲಿದೆ. ಅದೇ ವರ್ಷ ಡಬ್ಲ್ಯು.ಸಿ. ಹ್ಯಾಂಡಿಯವರ ಬ್ಲೂಸ್ ಹಾಡುಗಳ ಸಂಗ್ರಹಕ್ಕೂ ಚಿತ್ರ ಬರೆದ. ಅದಕ್ಕೂ ಒಂದು ವರ್ಷ ಮೊದಲು, 1925ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನಲ್ಲಿ ‘ರೆವ್ಯು ನೇಗ್ರ್’ ಎಂಬ ಹಾಡು-ಕುಣಿತದ ಪ್ರದರ್ಶನ ರಂಗಕ್ಕೇರಿತು. ಹತ್ತೊಂಬತ್ತರ ನರ್ತಕಿ ಜೋಸೆಫಿನ್ ಬೇಕರ್ ಒಂದೇ ರಾತ್ರಿಯಲ್ಲಿ ಆ ಊರಿನ ಮನೆಮಾತಾದಳು. ಜಾಝ್ ವಾದಕ ಸಿಡ್ನಿ ಬೆಶೆ ಅಲ್ಲಿ ನುಡಿಸುತ್ತಿದ್ದ. ಅವರ ಬೆನ್ನ ಹಿಂದಿನ ಪರದೆಗಳು ಇಪ್ಪತ್ತರ ಈ ಮೆಕ್ಸಿಕನ್ನನವು.

1927ರಲ್ಲಿ ಅವನ ಹಾರ್ಲೆಮ್ ಚಿತ್ರಗಳು ಪುಸ್ತಕವಾದವು. ಎಲ್ಲರೂ ಮೆಚ್ಚಲಿಲ್ಲ. ಕಪ್ಪು ಜನರ ಹಿರಿಯ ಚಿಂತಕ ಡು ಬಾಯ್ಸ್ ಅವರಿಗೆ ಇವನ ಕೆಲಸ ಸ್ವಲ್ಪವೂ ಹಿಡಿಸಲಿಲ್ಲ. ಅದನ್ನು ಅವರು ಬಚ್ಚಿಡಲೂ ಇಲ್ಲ. ತಲೆಮಾರುಗಟ್ಟಲೆ ದಪ್ಪ ತುಟಿ, ಹೊರಳುಗಣ್ಣಿನ ಅವಮಾನದ ಚಿತ್ರಗಳನ್ನು ಕಂಡು ನೊಂದವರಿಗೆ ತುಟಿಯನ್ನು ಮತ್ತೆ ದಪ್ಪ ಮಾಡಿದ ಕೈ ಮೇಲೆ ನಂಬಿಕೆ ಬರುವುದಾದರೂ ಹೇಗೆ? ಅವರ ನೋವು ನನಗೆ ಅರ್ಥವಾಗುತ್ತದೆ. ಕೆಲವು ಪುಟಗಳು ಇವತ್ತು ಕಣ್ಣಿಗೆ ಚುಚ್ಚುವುದೂ ಹೌದು. ಆದರೂ ಕುಣಿಯುವವರ, ಹಾಡುವವರ ಚಿತ್ರಗಳಲ್ಲಿ ನಾನು ಕಾಣುವುದು ಬೆರಗನ್ನೇ. ಮುಂದೆ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ತಮ್ಮ ಜನರ ಕಥೆಗಳನ್ನು ಕಲೆಹಾಕಿ 1935ರಲ್ಲಿ ‘ಮ್ಯೂಲ್ಸ್ ಆ್ಯಂಡ್ ಮೆನ್’ ತಂದಾಗ, ಅದರ ಚಿತ್ರಗಳು ಇವನವೇ.

1920ರ ದಶಕದ ಕೊನೆಗೆ ಮೆಕ್ಸಿಕೊದ ಮಹಾನ್ ಅಭಿವ್ಯಕ್ತಿವಾದಿ ಚಿತ್ರಕಾರ ಒರೊಸ್ಕೊ ಕೂಡ ನ್ಯೂಯಾರ್ಕಿನಲ್ಲಿದ್ದ. 1928ರ ‘ವಾಡ್‌ವಿಲ್ ಇನ್ ಹಾರ್ಲೆಮ್’ ಕಲ್ಲಚ್ಚಿನಲ್ಲಿ ಅವನು ನಮ್ಮನ್ನು ಪ್ರೇಕ್ಷಕರ ಬೆನ್ನ ಹಿಂದೆ, ಕತ್ತಲಲ್ಲಿ ಕೂರಿಸುತ್ತಾನೆ. ಕೊವರ್ರೂಬಿಯಾಸ್ ಎಳೆದೊಯ್ಯುವುದು ಕುಣಿತದ ಅಂಗಳದ ನಡುವಿಗೆ.

1930ರಲ್ಲಿ ನರ್ತಕಿ ರೋಸಾ ರೊಲಾಂಡಾಳನ್ನು ಮದುವೆಯಾಗಿ ಬಾಲಿ ದ್ವೀಪಕ್ಕೆ ಹೋದ. ಅಲ್ಲಿ ಗಮೆಲಾನ್ ವಾದ್ಯಮೇಳ ಅವನನ್ನು ಹಿಡಿದಿಟ್ಟಿತು. 1937ರಲ್ಲಿ ಬಂದ ‘ಐಲ್ಯಾಂಡ್ ಆಫ್ ಬಾಲಿ’ ಅದರ ಫಲ. ಊರಿಗೆ ಮರಳಿದ ಮೇಲೆ ಪ್ರಾಚೀನ ಓಲ್ಮೆಕ್ ಶಿಲ್ಪಗಳ ಬೆನ್ನು ಬಿದ್ದ. ಕುಣಿತ ಮಾತ್ರ ಬಿಡಲಿಲ್ಲ. 1950ರಲ್ಲಿ ಮೆಕ್ಸಿಕೊದ ರಾಷ್ಟ್ರೀಯ ಲಲಿತಕಲಾ ಸಂಸ್ಥೆಯ ನೃತ್ಯ ವಿಭಾಗ ಅವನ ಕೈಗೆ ಬಂತು. ಅಮೆರಿಕದಲ್ಲಿ ಹೆಸರು ಮಾಡಿದ್ದ ನರ್ತಕ ಹೋಸೆ ಲಿಮೋನ್‌ನನ್ನು ತವರಿಗೆ ಕರೆಸಿದ. 1951ರಲ್ಲಿ ‘ಲೋಸ್ ಕ್ವಾತ್ರೊ ಸೋಲೆಸ್’ ನೃತ್ಯ ರಂಗಕ್ಕೇರಿತು. ಸಂಗೀತ ಕಾರ್ಲೋಸ್ ಚಾವೆಸ್‌ನದು, ಹೆಜ್ಜೆ ಲಿಮೋನ್‌ನದು. ಕುಣಿಯುವವರ ಬೆನ್ನ ಹಿಂದೆ, ಪ್ಯಾರಿಸ್ಸಿನ ಆ ರಾತ್ರಿಯಾಗಿ ಇಪ್ಪತ್ತಾರು ವರ್ಷಕ್ಕೆ, ಮತ್ತೆ ಎಲ್ ಚಮಾಕೊನ ಗೆರೆ.